ಶಾಂತಿಸಭೆಯೂ ರೋಗಿಯ ಮಂಚವೂ

ಭಾದ್ರಪದ ಮಾಸವು ಸಮೀಪಿಸುತ್ತಲೇ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಈ ನಾಲ್ಕು ತಾಲ್ಲೂಕುಗಳಲ್ಲಿಯೂ ಒಂದೊಂದು ಶಾಂತಿಸಭೆಯು ಕೂಡುವುದು ನಮ್ಮ ವಾಚಕರಿಗೆ ತಿಳಿದ ವಿಷಯವೇ ಆಗಿರುವುದು. ತಹಶೀಲ್ದಾರರು ನಡುವೆ ಕುಳಿತುಕೊಳ್ಳುವರು. ಪೊಲೀಸ್ ಅಧಿಕಾರಿಗಳು ಬಲಗಡೆ. ಊರಾಡಳಿತದವರೂ ವಿದ್ಯುತ್ ಇಲಾಖೆಯವರೂ ಎಡಗಡೆ. ಎದುರಿಗೆ ಹಿಂದಿನ ವರ್ಷ ಬಂದಿದ್ದ ಹತ್ತು ಹನ್ನೆರಡು ಮಂದಿ ಮುಖಂಡರೇ ಈ ವರ್ಷವೂ ಬಂದಿರುವರು. ಮೆರವಣಿಗೆಯ ದಾರಿ ಯಾವುದು, ಧ್ವನಿವರ್ಧಕವು ಎಷ್ಟು ಗಂಟೆಗೆ ನಿಲ್ಲತಕ್ಕದ್ದು, ಮಸೀದಿಯ ಮುಂದೆ ವಾದ್ಯವು ಹೇಗೆ ಸಾಗತಕ್ಕದ್ದು ಎಂಬಿವುಗಳ ಚರ್ಚೆಯಾಗುವುದು. ಬಳಿಕ ಒಬ್ಬ ಮಹನೀಯರು ಎದ್ದು ಶಿಶುನಾಳದ ಶರೀಫ ಸಾಹೇಬರನ್ನೂ ಅವರ ಗುರುಗಳಾದ ಗೋವಿಂದ ಭಟ್ಟರನ್ನೂ ಸ್ಮರಿಸುವರು. ಚಹವು ಬರುವುದು. ಸಭೆಯು ವಿಸರ್ಜಿತವಾಗುವುದು.

ಈ ಸಭೆಗಳನ್ನು ಹಾಸ್ಯ ಮಾಡುವುದು ನಮ್ಮ ಉದ್ದೇಶವಲ್ಲ. ಇವುಗಳಿಂದ ಅನೇಕ ಅನರ್ಥಗಳು ತಪ್ಪಿರುವುದನ್ನು ನಾವು ಬಲ್ಲೆವು. ಹಲವು ವರ್ಷ ಈ ಸಭೆಗಳಲ್ಲಿ ಹಿಂದಿನ ಸಾಲಿನಲ್ಲಿ ಕುಳಿತು ವರದಿ ಬರೆದುಕೊಂಡು ಬಂದವರೂ ನಾವೇ. ಆದರೆ ಒಂದು ಮಾತನ್ನು ಕೇಳದೆ ಇರಲಾರೆವು. ಒಬ್ಬರ ಧರ್ಮವನ್ನು ಇನ್ನೊಬ್ಬರು ಅರಿಯುವ ಕಾರ್ಯವು ಪೊಲೀಸ್ ಠಾಣೆಯ ಅಂಗಳದಲ್ಲಿ ಮಾತ್ರವೇ, ಅದೂ ಜಗಳವಾದೀತೆಂಬ ಭಯವಿದ್ದಾಗ ಮಾತ್ರವೇ, ನಡೆಯತಕ್ಕದ್ದೇನು? ಜಗಳದ ಭಯವಿಲ್ಲದ ಉಳಿದ ಮುನ್ನೂರ ಐವತ್ತು ದಿನಗಳಲ್ಲಿ ನಮಗೆ ಪರಸ್ಪರ ಪರಿಚಯದ ಅಗತ್ಯವೇ ಇಲ್ಲವೇನು?

ಕೆಲವು ವರ್ಷಗಳ ಕೆಳಗೆ ಒಂದು ಸಭೆಯಲ್ಲಿ ನಡೆದುದನ್ನು ಹೇಳುವೆವು. ಊರೂ ಬೇಡ, ಹೆಸರೂ ಬೇಡ. ಹೊಸದಾಗಿ ವರ್ಗವಾಗಿ ಬಂದಿದ್ದ ತರುಣ ಅಧಿಕಾರಿಯೊಬ್ಬರು ಬಹಳ ಪ್ರೀತಿಯಿಂದ ನೆರೆದ ಮುಸಲ್ಮಾನರೆಲ್ಲರಿಗೂ ಮೊಹರಮ್ಮಿನ ಹಾರ್ದಿಕ ಶುಭಾಶಯಗಳನ್ನು ಕೋರಿದರು. ಎದುರಿಗಿದ್ದ ಹಿರಿಯರೊಬ್ಬರು ತಲೆ ತಗ್ಗಿಸಿಕೊಂಡರು. ಕ್ರಿಸ್ತಶಕ 680ರಲ್ಲಿ ಕರ್ಬಲಾ ಎಂಬಲ್ಲಿ ಪ್ರವಾದಿಗಳ ಮೊಮ್ಮಗನಾದ ಇಮಾಮ್ ಹುಸೇನರು ಬಂಧುಬಳಗದೊಡನೆ ಹತರಾದ ದಿನವದು, ಶೋಕದ ದಿನ. ಅಧಿಕಾರಿಗಳಿಗೆ ಇದು ತಿಳಿಯದೆ ಹೋದುದು ಅವರೊಬ್ಬರ ತಪ್ಪಲ್ಲ. ಹದಿನೆಂಟು ವರ್ಷ ಓದಿ, ಪರೀಕ್ಷೆಯ ಮೇಲೆ ಪರೀಕ್ಷೆ ಕೊಟ್ಟು ಬಂದವರಿಗೆ ಇದನ್ನು ಯಾರೂ ಯಾವ ತರಗತಿಯಲ್ಲಿಯೂ ಹೇಳಿರಲಿಲ್ಲ.

ಆದರೆ ವಿಷಯವು ಅಷ್ಟು ಸರಳವೂ ಅಲ್ಲ. ಅದೇ ಅಧಿಕಾರಿಗಳು ಸಭೆಯನ್ನು ಮುಗಿಸಿಕೊಂಡು ಜಗಳೂರಿನ ಕಡೆಯ ಯಾವುದಾದರೂ ಹಳ್ಳಿಗೆ ಹೋಗಿದ್ದರೆ ಅಲ್ಲಿ ಅವರ ಶುಭಾಶಯವೇ ಸರಿಯಾಗಿ ತೋರುತ್ತಿತ್ತು! ನಮ್ಮ ಬಯಲುಸೀಮೆಯಲ್ಲಿ ಮುಸಲ್ಮಾನರ ಮನೆ ಒಂದೂ ಇಲ್ಲದ ಊರುಗಳಲ್ಲಿ ಸಹ ಬಾಬಯ್ಯನ ಹಬ್ಬವು ನಡೆಯುವುದು. ಪಂಜಾ ದೇವರನ್ನು ಕೂರಿಸುವರು, ಅಲಾಯಿ ಕುಣಿಯನ್ನು ತೋಡಿ ಬೆಂಕಿ ಹಾಕುವರು, ಹುಲಿವೇಷ ಕಟ್ಟುವರು, ಹರಕೆ ಹೊತ್ತ ಗೌಡರ ಮನೆಯ ಹುಡುಗನು ಫಕೀರನಾಗಿ ಕೆಂಪು ದಾರವನ್ನು ಧರಿಸುವನು, ಸಕ್ಕರೆ ಓದಿಸುವರು. ಗ್ರಂಥವನ್ನು ಓದಿದ ಮೌಲವಿಗಳು ಇದನ್ನು ಒಪ್ಪಲಾರರು; ಗ್ರಂಥವನ್ನು ಓದಿದ ಶಾಸ್ತ್ರಿಗಳೂ ಒಪ್ಪಲಾರರು. ಊರಿನವರು ಇಬ್ಬರಿಗೂ ಕೈ ಮುಗಿದು ತಮ್ಮ ಹಬ್ಬವನ್ನು ತಾವು ಮಾಡಿಕೊಂಡು ಬಂದಿರುವರು. ಆದುದರಿಂದ ಧರ್ಮಗಳ ವ್ಯಾಸಂಗವೆಂದರೆ ಗ್ರಂಥಗಳಲ್ಲಿರುವುದನ್ನು ಕಂಠಪಾಠ ಮಾಡುವುದಷ್ಟೇ ಅಲ್ಲ; ಗ್ರಂಥದ ಧರ್ಮವೊಂದು, ಊರಿನ ಧರ್ಮವೊಂದು, ಇವೆರಡನ್ನೂ ಅರಿತು ಎಲ್ಲಿ ಯಾವುದನ್ನು ಆಡಬೇಕೆಂಬುದನ್ನು ತಿಳಿಯುವುದು.

ಪಂಚಾಂಗದ ವಿಷಯವನ್ನೇ ತೆಗೆದುಕೊಳ್ಳೋಣ. 2023ರಲ್ಲಿ ಸೆಪ್ಟೆಂಬರ್ 28ರಂದು ಅನಂತ ಚತುರ್ದಶಿಯೂ ಈದ್ ಮಿಲಾದೂ ಒಂದೇ ದಿನ ಬಂದುವು. 2024ರಲ್ಲಿ ಮಿಲಾದ್ ಸೆಪ್ಟೆಂಬರ್ 16, ಚತುರ್ದಶಿ 17. 2025ರಲ್ಲಿ ಮಿಲಾದ್ ಸೆಪ್ಟೆಂಬರ್ 5, ಚತುರ್ದಶಿ 6. ಮೂರು ವರ್ಷಗಳೂ ಅಧಿಕಾರಿಗಳಿಗೆ ನಿದ್ರೆ ಇರಲಿಲ್ಲ. ಪ್ರತಿ ಸಲವೂ ಇದೊಂದು ಅನಿರೀಕ್ಷಿತವಾದ ಗಂಡಾಂತರವೆಂಬಂತೆ ತುರ್ತು ಸಭೆಗಳು ನಡೆದುವು. ಆದರೆ ಇದರಲ್ಲಿ ಅನಿರೀಕ್ಷಿತವಾದುದು ಏನೂ ಇಲ್ಲ. ನಮ್ಮ ಚಾಂದ್ರಮಾನವೂ ಅವರ ತಿಂಗಳೂ ಅದೇ ಒಬ್ಬ ಚಂದ್ರನನ್ನು ನೋಡಿಯೇ ನಡೆಯುವುವು. ಅವರ ವರ್ಷವು ಹೆಚ್ಚುಕಡಿಮೆ 354 ದಿನಗಳದ್ದು. ಅದಕ್ಕೆ ಯಾವ ಕೂಡಿಕೆಯೂ ಇಲ್ಲ. ನಾವಾದರೋ ಸುಮಾರು ಮೂವತ್ತೆರಡು ಮೂವತ್ತಮೂರು ತಿಂಗಳಿಗೊಮ್ಮೆ ಅಧಿಕ ಮಾಸವನ್ನು ಕೂಡಿಸಿಕೊಂಡು ಸೂರ್ಯನೊಡನೆ ಸರಿಹೊಂದಿಸಿಕೊಳ್ಳುವೆವು. ಒಂದು ಅಧಿಕ ಮಾಸದಿಂದ ಇನ್ನೊಂದು ಅಧಿಕ ಮಾಸದವರೆಗೆ ಅವರ ಒಂದು ತಿಂಗಳು ನಮ್ಮ ಒಂದು ತಿಂಗಳೊಡನೆ ಜೊತೆಯಾಗಿ ನಡೆಯುವುದು. 2023ರ ಅಧಿಕ ಶ್ರಾವಣದಿಂದ 2026ರ ಅಧಿಕ ಜ್ಯೇಷ್ಠದವರೆಗೆ ನಮ್ಮ ಭಾದ್ರಪದಕ್ಕೆ ಅವರ ರಬೀ ಉಲ್ ಅವ್ವಲ್ ಜೊತೆಯಾಯಿತು. ಚಂದ್ರದರ್ಶನದಿಂದ ಎಣಿಸಿದ ಹನ್ನೆರಡನೆಯ ದಿನವು ನಮ್ಮ ತ್ರಯೋದಶಿ ಚತುರ್ದಶಿಗಳ ಆಸುಪಾಸಿಗೆ ಬಾರದೆ ಇನ್ನೆಲ್ಲಿಗೆ ಹೋದೀತು? ಅಧಿಕ ಜ್ಯೇಷ್ಠದಿಂದ ಈ ಜೊತೆಯು ಬಿಟ್ಟುಹೋದ ಮೇಲೆ ಮತ್ತೆ ಇದು ಕೂಡುವುದಕ್ಕೆ ಸುಮಾರು ಮೂವತ್ತು ವರ್ಷಗಳು ಬೇಕು. 2024ರಲ್ಲಿಯೂ 2025ರಲ್ಲಿಯೂ ಯುಗಾದಿಯೂ ರಂಜಾನ್ ಹಬ್ಬವೂ ಎರಡು ದಿನಗಳ ಅಂತರದೊಳಗೆ ಬಂದುದೂ ಇದೇ ಲೆಕ್ಕದಿಂದಲೇ. ಈ ಲೆಕ್ಕವನ್ನು ಹತ್ತು ವರ್ಷ ಮುಂಚೆಯೇ ಮಾಡಿಡಬಹುದು. ಇದಕ್ಕೆ ಗುಪ್ತಚರರ ಅಗತ್ಯವಿಲ್ಲ. 2023ರಲ್ಲಿ ಮುಂಬಯಿಯ ಮುಸಲ್ಮಾನರು ತಮ್ಮ ಮೆರವಣಿಗೆಯನ್ನು ತಾವಾಗಿಯೇ ಮರುದಿನಕ್ಕೆ ಇಟ್ಟುಕೊಂಡರು. ಮೊದಲೇ ತಿಳಿದು, ಮೊದಲೇ ಕುಳಿತು ಮಾತನಾಡಿದರೆ ಇಂಥ ಔದಾರ್ಯಕ್ಕೆ ಎಲ್ಲ ಕಡೆಯವರಿಗೂ ಅವಕಾಶ ದೊರೆಯುವುದು. ಕೊನೆಯ ಗಳಿಗೆಯಲ್ಲಿ ಆಜ್ಞೆಯ ರೂಪದಲ್ಲಿ ಬಂದರೆ ಅದೇ ಕಾರ್ಯವು ಅಪಮಾನವಾಗಿ ಕಾಣುವುದು.

ಈ ಪಂಚಾಂಗದ ವಿಚಾರವು ನಮಗೆ ಒಬ್ಬ ಮನುಷ್ಯನನ್ನು ನೆನಪಿಗೆ ತರುವುದು. ನಮ್ಮ ಮುದ್ರಣಾಲಯದಲ್ಲಿ ಅಚ್ಚುಮೊಳೆಗಳ ಕಾಲದಿಂದಲೂ ಒಬ್ಬ ಮುಸಲ್ಮಾನ ಹಿರಿಯರು ಮೊಳೆ ಜೋಡಿಸುತ್ತಿದ್ದರು. ಗಣಕಯಂತ್ರ ಬಂದ ಮೇಲೆ ಅದನ್ನೂ ಕಲಿತರು. ದಿನದ ಪಂಚಾಂಗವನ್ನು ಜೋಡಿಸತಕ್ಕ ಕೆಲಸ ಅವರದು. ಸಂಕಷ್ಟಿಯ ಚಂದ್ರೋದಯವನ್ನು ನಾವು ಒಂದು ಸಲ ತಪ್ಪಾಗಿ ಬರೆದುಕೊಟ್ಟಿದ್ದೆವು. "ರಾಯರೆ, ಇವೊತ್ತು ತದಿಗೆ ಇನ್ನೂ ಮುಗಿದಿಲ್ಲವಲ್ಲ, ಹೊತ್ತು ನೋಡಿ" ಎಂದು ಕಾಗದವನ್ನು ಹಿಂದಕ್ಕೆ ಕೊಟ್ಟರು. ಏಕಾದಶಿಯ ದಿನ ನಮಗೆ ಚಹವನ್ನು ಬೇಡವೆನ್ನಬೇಕೆಂಬುದನ್ನು ಹೋಟೆಲಿನ ಹುಡುಗನಿಗೆ ಹೇಳುತ್ತಿದ್ದವರೂ ಅವರೇ. ಬಾಲ್ಯದಲ್ಲಿ ನಾವು ಸಂಸ್ಕೃತ ಪಾಠಶಾಲೆಯಲ್ಲಿ ಅಮರಕೋಶವನ್ನು ಉರುಹಚ್ಚಿ, ಅನಂತರ ಹತ್ತನೆಯ ತರಗತಿಯವರೆಗೆ ಸಾಮಾನ್ಯ ಶಾಲೆಯಲ್ಲಿ ಓದಿದವರು. ಓದು ಹೆಚ್ಚಲ್ಲದಿದ್ದರೂ ಧರ್ಮವೆಂದರೆ ಏನೆಂಬುದು ತಿಳಿದಿರುವುದೆಂಬ ಅಹಂಕಾರವು ನಮಗಿದ್ದಿತು.

ಅವರು ಖಾಯಿಲೆಯಿಂದ ಒಂದು ದೊಡ್ಡ ಆಸ್ಪತ್ರೆಯನ್ನು ಸೇರಿದರು. ಗಂಡುಮಕ್ಕಳಿಬ್ಬರೂ ಅರಬ್ಬೀ ದೇಶದಲ್ಲಿ. ಅವರ ಮನೆಯವರು ಅದೇ ವರ್ಷ ತೀರಿಕೊಂಡಿದ್ದರು. ಅಂದು ರಾತ್ರಿ ಮಂಚದ ಬಳಿಯಲ್ಲಿ ಇದ್ದವರು ನಾವು. ಸ್ಥಿತಿಯು ವಿಷಮಿಸಿತು. ಅವರ ತುಟಿಗಳು ಅಲುಗುತ್ತಿದ್ದುವು. ಏನನ್ನೋ ಕೇಳುತ್ತಿದ್ದರು, ನಮಗೆ ಅರ್ಥವಾಗಲಿಲ್ಲ. ನೀರು ಕೊಟ್ಟೆವು. ಅದಲ್ಲ. ಮೊಹಲ್ಲಾದ ಮೌಲವಿಗಳಿಗೆ ದೂರವಾಣಿ ಮಾಡಿದೆವು. ಅವರು ಅರ್ಧ ಗಂಟೆಯಲ್ಲಿ ಬಂದರು. ಆದರೆ ಬಾಗಿಲಿನ ಕಾವಲುಗಾರನು ಬಿಡಲಿಲ್ಲ. ರೋಗಿಯೊಬ್ಬನಿಗೆ ಒಂದೇ ಚೀಟಿ, ಆ ಚೀಟಿ ನಮ್ಮ ಜೇಬಿನಲ್ಲಿ. ನಾವು ಕೆಳಗಿಳಿದು ಹೋಗಿ ಚೀಟಿಯನ್ನು ಕೊಡೋಣವೆಂದರೆ ಮಂಚದ ಬಳಿ ಇನ್ನೊಬ್ಬರಿಲ್ಲ. ಆಗ ಸರದಿಯಲ್ಲಿದ್ದ ಕ್ರೈಸ್ತ ದಾದಿಯೊಬ್ಬಳು ಬಂದು, "ಇವರ ಮುಖ ಪಶ್ಚಿಮಕ್ಕೆ ಮಾಡಬೇಕಲ್ಲವಾ ಸಾರ್?" ಎಂದು ಕೇಳಿದಳು. ನಮಗೆ ಗೊತ್ತಿರಲಿಲ್ಲ. ಮಕ್ಕಾ ಪಟ್ಟಣವು ನಮ್ಮ ಜಿಲ್ಲೆಯಿಂದ ಪಡುವಣಕ್ಕೆ, ತುಸು ಬಡಗಣಕ್ಕೆ ಒಲಿದ ದಿಕ್ಕಿನಲ್ಲಿರುವುದೆಂದೂ, ಪ್ರಾಣೋತ್ಕ್ರಮಣದ ಕಾಲದಲ್ಲಿ ಆ ಕಡೆಗೆ ಮುಖ ಮಾಡಿಸಿ ಕಿವಿಯ ಬಳಿ ಮೆಲ್ಲಗೆ ಕಲಿಮವನ್ನು ಉಚ್ಚರಿಸುವುದು ಅವರ ಸಂಪ್ರದಾಯವೆಂದೂ ನಾವು ತಿಳಿದುಕೊಂಡದ್ದು ಆಮೇಲೆ. ಮಂಚವನ್ನು ಆಕೆಯೂ ನಾವೂ ಸೇರಿ ತಿರುಗಿಸಿದೆವು. ಮೌಲವಿಗಳು ಒಳಕ್ಕೆ ಬಂದಾಗ ಎಲ್ಲವೂ ಮುಗಿದಿದ್ದಿತು.

ಮೂವತ್ತು ವರ್ಷ ನಮ್ಮ ತಿಥಿಯನ್ನು ತಿದ್ದಿದ ಮನುಷ್ಯನಿಗೆ ಬೇಕಾದ ಒಂದು ವಾಕ್ಯವು ನಮ್ಮ ಬಳಿ ಇರಲಿಲ್ಲ. ಆ ಆಸ್ಪತ್ರೆಯನ್ನು ನಾವು ದೂರುವುದಿಲ್ಲ. ಚೀಟಿಯ ನಿಯಮವು ಜನಸಂದಣಿಯನ್ನು ತಡೆಯುವುದಕ್ಕಾಗಿ ಮಾಡಿದ್ದು. ಆದರೆ ಇಂಥ ಸಮಯಕ್ಕೆ ಬೇರೊಂದು ನಿಯಮವು ಇರಬೇಕೆಂಬುದು ಯಾರಿಗೂ ಹೊಳೆದಿರಲಿಲ್ಲ, ಅಷ್ಟೇ.

ಇದು ಮುಸಲ್ಮಾನರದೊಂದೇ ಕಷ್ಟವೆಂದು ಯಾರೂ ಭಾವಿಸಬಾರದು. ಹೊನ್ನಾಳಿಯ ಕಡೆಯ ವೀರಶೈವ ಮುದುಕಿಯೊಬ್ಬಳನ್ನು ಕಾಂತಯಂತ್ರದ ಪರೀಕ್ಷೆಗೆ ಒಯ್ಯುವಾಗ ಕೊರಳಿನ ಶಿವದಾರವನ್ನೂ ಬೆಳ್ಳಿಯ ಕರಡಿಗೆಯನ್ನೂ ತೆಗೆಯಲೇಬೇಕು. ಲೋಹವು ಆ ಯಂತ್ರದೊಳಕ್ಕೆ ಹೋಗಕೂಡದು. ಆದರೆ ಇಷ್ಟಲಿಂಗವು ಅಂಗದಿಂದ ಅಗಲಬಾರದೆಂದು ಎಂಬತ್ತು ವರ್ಷ ನಂಬಿ ಬಂದ ಜೀವಕ್ಕೆ ಅದು ಆಭರಣವನ್ನು ಬಿಚ್ಚಿಟ್ಟಂತೆ ಅಲ್ಲ. ಕತ್ತರಿಯಿಂದ ದಾರವನ್ನು ಕತ್ತರಿಸಿ ಕರಡಿಗೆಯನ್ನು ತಟ್ಟೆಗೆ ಹಾಕುವುದಕ್ಕೂ, "ಅಮ್ಮಾ, ಲಿಂಗವನ್ನು ವಸ್ತ್ರದಲ್ಲಿ ಸುತ್ತಿ ನಿಮ್ಮ ಕೈಗೇ ಕೊಡುತ್ತೇವೆ" ಎಂದು ಕೇಳಿ ಕರಡಿಗೆಯನ್ನು ಮಾತ್ರ ತೆಗೆದಿಡುವುದಕ್ಕೂ ಎರಡು ನಿಮಿಷದ ವ್ಯತ್ಯಾಸ. ಜೈನ ವೃದ್ಧರು ಸಲ್ಲೇಖನದ ಸಂಕಲ್ಪದಿಂದ ಅನ್ನವನ್ನು ನಿರಾಕರಿಸಿದರೆ ವೈದ್ಯರು ಅದನ್ನು ಆತ್ಮಹತ್ಯೆಯೆಂದು ತಿಳಿಯಬಹುದು. ರಾಜಸ್ಥಾನದ ಉಚ್ಚ ನ್ಯಾಯಾಲಯವೇ 2015ರಲ್ಲಿ ಹಾಗೆ ತಿಳಿಯಿತು. ಸರ್ವೋಚ್ಚ ನ್ಯಾಯಾಲಯವು ಅದೇ ವರ್ಷ ಆ ತೀರ್ಪಿಗೆ ತಡೆಯಾಜ್ಞೆಯನ್ನು ಕೊಡಬೇಕಾಯಿತು. ಕಥೋಲಿಕ ಕ್ರೈಸ್ತರಿಗೆ ಪಾದ್ರಿಗಳ ಕೈಯಿಂದ ತೈಲಾಭ್ಯಂಗವಾಗಬೇಕು. ನಮ್ಮ ಬ್ರಾಹ್ಮಣರ ಮನೆಗಳಲ್ಲಿ ಗಂಗೋದಕ ತುಳಸಿಗಳ ಆಸೆ ಇಂದಿಗೂ ಹೋಗಿಲ್ಲ.

ಆಂಗ್ಲರು ಚಾಪ್ಲಿನ್ ಎಂದು ಕರೆಯತಕ್ಕವರ ಕೆಲಸವು ಇದೇ. ದೇವಸ್ಥಾನವನ್ನೂ ಇಗರ್ಜಿಯನ್ನೂ ಬಿಟ್ಟು ಆಸ್ಪತ್ರೆ, ಸೆರೆಮನೆ, ದಂಡು, ವಿದ್ಯಾಲಯಗಳಲ್ಲಿ ಇದ್ದುಕೊಂಡು ಸಂಕಟದಲ್ಲಿರುವವರ ಬಳಿ ಕುಳಿತುಕೊಳ್ಳುವ ಧರ್ಮಸೇವಕರಿಗೆ ಆ ಹೆಸರು. ಮೊದಲಿಗೆ ಇದು ಕ್ರೈಸ್ತರ ಪದ್ಧತಿಯಾಗಿದ್ದರೂ ಈಗ ಹಾಗೆ ಉಳಿದಿಲ್ಲ. ಅಮೇರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾನಿಲಯವು 2008ರಲ್ಲಿ ಹಿಂದೂ ವಿದ್ಯಾರ್ಥಿಗಳಿಗಾಗಿ ಒಬ್ಬ ಹಿಂದೂ ಧರ್ಮಸೇವಕನನ್ನು ಪೂರ್ಣಕಾಲಕ್ಕೆ ನೇಮಿಸಿತು. ಬ್ರಿಟನ್ನಿನ ಸಾರ್ವಜನಿಕ ಆಸ್ಪತ್ರೆಗಳಲ್ಲಿ ಹಿಂದೂ, ಮುಸಲ್ಮಾನ, ಸಿಖ್ಖ ಧರ್ಮಸೇವಕರು ಇರುವರು. ಅಲ್ಲಿಗೆ ಹೋಗಿ ನೆಲೆಸಿದ ನಮ್ಮ ಜಿಲ್ಲೆಯ ಮಕ್ಕಳಿಗೆ ಪರದೇಶದಲ್ಲಿ ದೊರೆಯತಕ್ಕ ಈ ಸೌಕರ್ಯವು ಸ್ವದೇಶದಲ್ಲಿ ಅವರ ತಂದೆತಾಯಿಗಳಿಗೆ ದೊರೆಯದು.

ನಮ್ಮ ದೇಶದಲ್ಲಿ ಇದು ಸರ್ವಥಾ ಇಲ್ಲವೆಂದೂ ಹೇಳಲಾಗದು. ಭಾರತದ ಭೂಸೇನೆಯಲ್ಲಿ ಪಂಡಿತ, ಮೌಲವಿ, ಗ್ರಂಥಿ, ಪಾದ್ರಿ, ಬೌದ್ಧ ಭಿಕ್ಷು ಇವರುಗಳನ್ನು ಧರ್ಮಗುರುಗಳೆಂದು ಪದವಿ ಕೊಟ್ಟು ನೇಮಿಸುವರು. ಪುಣೆಯಲ್ಲಿರುವ ಸೇನೆಯ ರಾಷ್ಟ್ರೀಯ ಭಾವೈಕ್ಯ ಸಂಸ್ಥೆಯಲ್ಲಿ ಅವರಿಗೆ ಶಿಕ್ಷಣವಾಗುವುದು. ಅನೇಕ ದಂಡುಗಳಲ್ಲಿ ಸರ್ವಧರ್ಮಸ್ಥಳವೆಂಬ ಒಂದೇ ಸೂರಿನ ಕೆಳಗೆ ಎಲ್ಲರ ಪ್ರಾರ್ಥನೆಯೂ ನಡೆಯುವುದು. ನಮ್ಮ ಕಡೆಯ ಎಷ್ಟೋ ಜನ ಚಿಕಿತ್ಸೆಗೆಂದು ಹೋಗುವ ವೆಲ್ಲೂರಿನ ಕ್ರೈಸ್ತ ವೈದ್ಯ ವಿದ್ಯಾಲಯದಲ್ಲಿ ಈ ಕಾರ್ಯಕ್ಕಾಗಿಯೇ ಒಂದು ವಿಭಾಗವಿರುವುದು. ಆಸ್ಪತ್ರೆಗಳ ಗುಣಮಟ್ಟವನ್ನು ಪರಿಶೀಲಿಸತಕ್ಕ ರಾಷ್ಟ್ರೀಯ ಮಂಡಲಿಯ ನಿಯಮಗಳಲ್ಲಿಯೂ ರೋಗಿಯ ಆಧ್ಯಾತ್ಮಿಕ ಹಾಗೂ ಸಾಂಸ್ಕೃತಿಕ ಅಗತ್ಯಗಳನ್ನು ಗಮನಿಸತಕ್ಕದ್ದೆಂದು ಹೇಳಿರುವುದು. ಸೆರೆಮನೆಗಳಿಗೆ ಸಂಬಂಧಿಸಿದಂತೆ 2015ರಲ್ಲಿ ವಿಶ್ವಸಂಸ್ಥೆಯು ಅಂಗೀಕರಿಸಿ ಮಂಡೇಲಾರ ಹೆಸರಿಟ್ಟ ನಿಯಮಾವಳಿಯಲ್ಲಿ ಬಂದಿಯ ಮತದ ಗುರುಗಳಿಗೆ ಪ್ರವೇಶವನ್ನು ನಿರಾಕರಿಸಕೂಡದೆಂದಿರುವುದು. ಅದರೊಡನೆಯೇ, ಬಂದಿಗೆ ಬೇಡವಾದರೆ ಯಾವ ಗುರುವೂ ಅವನ ಮೇಲೆ ಬೀಳಕೂಡದೆಂದೂ ಇರುವುದು.

ಈ ಎರಡನೆಯ ಮಾತನ್ನು ನಾವು ಒತ್ತಿ ಹೇಳಬೇಕಾಗಿರುವುದು. ಏಕೆಂದರೆ ಈ ವಿಷಯವನ್ನೆತ್ತಿದಾಗಲೆಲ್ಲಾ ನಮ್ಮ ಮಿತ್ರರು ಒಂದು ಆಕ್ಷೇಪವನ್ನು ಹೇಳುವರು: ರೋಗಿಯ ದುರ್ಬಲಾವಸ್ಥೆಯನ್ನು ನೋಡಿಕೊಂಡು ಮತಾಂತರಕ್ಕೆ ಕೈ ಹಾಕುವವರಿಗೆ ನೀವು ಬಾಗಿಲು ತೆರೆದಂತಾಗುವುದಿಲ್ಲವೇ? ಆಕ್ಷೇಪವು ನಿರಾಧಾರವಾದುದಲ್ಲ. ಆದರೆ ಬಾಗಿಲು ಈಗ ಮುಚ್ಚಿದೆಯೆಂದು ಯಾರು ಹೇಳಿದರು? ನಿಯಮವಿಲ್ಲದ ಕಡೆಯಲ್ಲಿ ಧೈರ್ಯವಂತನು ಒಳನುಗ್ಗುವನು, ಸಂಕೋಚವುಳ್ಳವನು ಹೊರಗೆ ನಿಲ್ಲುವನು; ಅಂದು ಹೊರಗೆ ನಿಂತವರು ನಮ್ಮ ಮೌಲವಿಗಳು. ರೋಗಿಯು ಕೇಳಿದರೆ ಮಾತ್ರ, ರೋಗಿಯ ಮತದವರೇ, ಹೆಸರು ಬರೆದುಕೊಟ್ಟು ಬರತಕ್ಕದ್ದೆಂಬ ನಿಯಮವಿದ್ದರೆ ಕಳ್ಳದಾರಿಯು ತಾನಾಗಿಯೇ ಮುಚ್ಚುವುದು. ಮಹಾತ್ಮರು 1947ರ ಏಪ್ರಿಲಿನಲ್ಲಿ ದೆಹಲಿಯ ಪ್ರಾರ್ಥನಾಸಭೆಯಲ್ಲಿ ಕುರಾನಿನ ಭಾಗವನ್ನು ಓದಿಸುವಾಗ ಕೆಲವರು ವಿರೋಧಿಸಿದರೆ ಆ ಭಾಗವೊಂದನ್ನು ಬಿಟ್ಟು ಉಳಿದುದನ್ನು ನಡೆಸಲಿಲ್ಲ, ಪ್ರಾರ್ಥನೆಯನ್ನೇ ನಿಲ್ಲಿಸಿದರು. ಬಹುಸಂಖ್ಯೆಯ ಬಲದಿಂದ ಒಬ್ಬನ ಕಿವಿಗೂ ದೇವರ ಹೆಸರನ್ನು ತುರುಕಕೂಡದು. ಹಾಗೆಂದು ವಿರೋಧಕ್ಕೆ ಹೆದರಿ ಒಬ್ಬರ ಪ್ರಾರ್ಥನೆಯನ್ನು ಕೈಬಿಡಲೂ ಕೂಡದು. ಇದಕ್ಕಿಂತ ಹೆಚ್ಚಿನ ನಿಯಮವು ಈ ವಿಷಯದಲ್ಲಿ ಬೇಕೆಂದು ನಮಗೆ ತೋರುವುದಿಲ್ಲ.

ಎರಡನೆಯ ಆಕ್ಷೇಪವು ಕಾನೂನಿನದು. ಸರ್ಕಾರದ ಹಣದಿಂದ ನಡೆಯುವ ಶಾಲೆಗಳಲ್ಲಿ ಮತಬೋಧೆಯು ಕೂಡದೆಂದು ಸಂವಿಧಾನದ 28ನೆಯ ಅನುಚ್ಛೇದವು ಹೇಳುವಾಗ ಧರ್ಮಗಳ ವ್ಯಾಸಂಗವನ್ನು ಹೇಗೆ ತರುವಿರಿ ಎನ್ನುವರು. 1948ರ ಡಿಸೆಂಬರಿನಲ್ಲಿ ಸಂವಿಧಾನ ಸಭೆಯಲ್ಲಿಯೇ ಈ ಶಂಕೆಯು ಎದ್ದಿದ್ದಿತು. ಮತಬೋಧೆಯೇ ಬೇರೆ, ಧರ್ಮದ ವಿಷಯವಾದ ಅಧ್ಯಯನ ಸಂಶೋಧನೆಗಳೇ ಬೇರೆ ಎಂದು ಡಾಕ್ಟರ್ ಅಂಬೇಡ್ಕರರು ಅಂದೇ ಸ್ಪಷ್ಟಪಡಿಸಿದರು. ಡಾಕ್ಟರ್ ರಾಧಾಕೃಷ್ಣನ್ನರ ಅಧ್ಯಕ್ಷತೆಯ ವಿಶ್ವವಿದ್ಯಾನಿಲಯ ಶಿಕ್ಷಣ ಆಯೋಗವು 1949ರಲ್ಲಿ, ಪದವಿಯ ಮೊದಲನೆಯ ವರ್ಷ ಧರ್ಮಪ್ರವರ್ತಕರ ಜೀವನಗಳನ್ನೂ, ಎರಡನೆಯ ವರ್ಷ ನಾನಾ ಧರ್ಮಗ್ರಂಥಗಳ ಆಯ್ದ ಭಾಗಗಳನ್ನೂ, ಮೂರನೆಯ ವರ್ಷ ಧರ್ಮತತ್ತ್ವದ ಮುಖ್ಯ ಪ್ರಶ್ನೆಗಳನ್ನೂ ಓದಿಸಬೇಕೆಂದಿತು. 1966ರಲ್ಲಿ ಕೊಠಾರಿ ಆಯೋಗವೂ ಮತಬೋಧೆಗೂ ಧರ್ಮಗಳ ಪರಿಚಯಕ್ಕೂ ಇರುವ ಭೇದವನ್ನು ಎತ್ತಿಹೇಳಿತು. 2002ರಲ್ಲಿ ಸರ್ವೋಚ್ಚ ನ್ಯಾಯಾಲಯವು ಇಂಥ ಪರಿಚಯಕ್ಕೆ ಸಂವಿಧಾನವು ಅಡ್ಡಿಯಲ್ಲವೆಂದು ತೀರ್ಪಿತ್ತಿತು. ಇಷ್ಟಾದರೂ ನಮ್ಮ ಪ್ರಥಮ ದರ್ಜೆ ಕಾಲೇಜುಗಳಲ್ಲಿ ವಾಣಿಜ್ಯದ ತೆರಿಗೆಯ ಕಲಮುಗಳನ್ನು ಕಂಠಪಾಠ ಮಾಡಿದ ವಿದ್ಯಾರ್ಥಿಗೆ ತನ್ನ ಬೆಂಚಿನ ನೆರೆಯವನು ಯಾಕೆ ಉಪವಾಸವಿರುವನೆಂಬುದು ತಿಳಿಯದು. ನಮಗಿಂತ ಪರದೇಶದ ಪಾದ್ರಿಗಳೇ ವಾಸಿಯೆನ್ನಬೇಕಾಗುವುದು! ಮತಪ್ರಚಾರಕ್ಕೆಂದು ಬಂದ ಮೋಗ್ಲಿಂಗರು ವೀರಶೈವ ವೈಷ್ಣವ ಗ್ರಂಥಗಳನ್ನು ಅಚ್ಚು ಹಾಕಿಸಿದರು. ಕಿಟ್ಟೆಲರು 1894ರಲ್ಲಿ ನಿಘಂಟನ್ನು ಕೊಟ್ಟರು. ನಮ್ಮವರಲ್ಲಿ ಅಂಥ ಪರಿಶ್ರಮವನ್ನು ನೆರೆಯವರ ಧರ್ಮದಲ್ಲಿ ಮಾಡಿದವರೆಂದರೆ ವಚನಗಳನ್ನು ಹಾಡಿಕೊಂಡು ಊರೂರು ತಿರುಗಿ 2022ರಲ್ಲಿ ಅಸ್ತಂಗತರಾದ ಮಹಾಲಿಂಗಪುರದ ಇಬ್ರಾಹಿಂ ಸುತಾರರಂಥ ಬೆರಳೆಣಿಕೆಯ ಮಹನೀಯರು.

ಈ ವ್ಯಾಸಂಗಕ್ಕೆ ಬೇಕಾದ ಸಾಮಗ್ರಿಗೆ ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಕೊರತೆಯಿಲ್ಲ. ಹೊನ್ನಾಳಿಯ ತುಂಗಭದ್ರೆಯ ದಡದಲ್ಲಿ ಹಿರೇಕಲ್ಮಠವಿರುವುದು. ಅದೇ ಊರಿನಲ್ಲಿ ಎರಡನೆಯ ಮಂತ್ರಾಲಯವೆಂದು ಜನರು ಕರೆಯುವ ರಾಘವೇಂದ್ರಸ್ವಾಮಿಗಳ ಮಠವೂ ಇರುವುದು. ನ್ಯಾಮತಿ ತಾಲ್ಲೂಕಿನ 'ಸೂರಗೊಂಡನಕೊಪ್ಪ'ವು ಲಂಬಾಣಿ ಜನರ ಗುರುಗಳಾದ ಸಂತ ಸೇವಾಲಾಲರ ಜನ್ಮಸ್ಥಾನ. ಪ್ರತಿ ಫೆಬ್ರವರಿಯಲ್ಲಿ ಅಲ್ಲಿಗೆ ಮಹಾರಾಷ್ಟ್ರ, ತೆಲಂಗಾಣಗಳಿಂದ ಸಹ ಜನರು ಬರುವರು. ತಾಂಡಾಗಳಲ್ಲಿ ಸೇವಾಲಾಲರ ಗುಡಿಯೂ ಮರಿಯಮ್ಮನ ಗುಡಿಯೂ ಒಂದರ ಮಗ್ಗುಲಲ್ಲೊಂದು ಇರುವುದನ್ನು ನಮ್ಮ ವಾಚಕರು ನೋಡಿರಬಹುದು. ಲಿಪಿಯಿಲ್ಲದ ಅವರ ಭಾಷೆಯಲ್ಲಿ ಮಾಡುವ ಪ್ರಾರ್ಥನೆಗೆ ಅವರು ಅರದಾಸ್ ಎನ್ನುವರು. ಪಂಜಾಬಿನ ಸಿಖ್ಖರೂ ತಮ್ಮ ಪ್ರಾರ್ಥನೆಯನ್ನು ಇದೇ ಹೆಸರಿನಿಂದ ಕರೆಯುವರೆಂಬುದನ್ನು ನಮ್ಮ ಯಾವ ಶಾಲೆಯಲ್ಲಿ ಹೇಳಿಕೊಡುವರು? ತಾಂಡಾದ ರೋಗಿಯೊಬ್ಬನು ಆಸ್ಪತ್ರೆಗೆ ಬಂದರೆ ದಫ್ತರಿನಲ್ಲಿ 'ಹಿಂದೂ' ಎಂದು ಬರೆದುಕೊಂಡು ಮುಗಿಸುವರು. ಅವನ ಮನಸ್ಸಿಗೆ ಯಾವ ಮಾತು ಸಮಾಧಾನವನ್ನು ಕೊಡುವುದೆಂದು ಕೇಳುವವರಿಲ್ಲ.

ಚನ್ನಗಿರಿ ತಾಲ್ಲೂಕಿನ ಸಂತೇಬೆನ್ನೂರಿನ ಪುಷ್ಕರಣಿಯ ವಿಷಯವನ್ನು ಸ್ವಲ್ಪ ಹೇಳಲೇಬೇಕು. ಕೆಂಗ ಹನುಮಂತಪ್ಪ ನಾಯಕನು ಕಟ್ಟಿಸಿದ ಆ ಹೊಂಡದ ನೀರಿನ ನಡುವೆ ವಸಂತ ಮಂಟಪವು ನಿಂತಿರುವುದು. ಬಳಿಯಲ್ಲಿಯೇ ಮುಸಾಫಿರಖಾನೆಯೆಂಬ ಕಟ್ಟಡವಿರುವುದು. ಎರಡನ್ನೂ ಪುರಾತತ್ತ್ವ ಇಲಾಖೆಯವರು ಒಟ್ಟಿಗೇ ಕಾಪಾಡಿಕೊಂಡು ಬಂದಿರುವರು. ವಿಜಾಪುರದ ಸರದಾರನಾದ ರಣದುಲ್ಲಾ ಖಾನನು ರಂಗನಾಥನ ದೇವಾಲಯವನ್ನು ಕೆಡವಿಸಿ ಅದನ್ನು ಕಟ್ಟಿಸಿದನೆಂದೂ, ನಾಯಕನು ಹಿಂದಿರುಗಿ ಬಂದು ಸೇಡನ್ನು ತೀರಿಸಿಕೊಂಡನೆಂದೂ, ಅಂದಿನಿಂದ ಅಲ್ಲಿ ನಮಾಜು ನಡೆಯಲಿಲ್ಲವೆಂದೂ ಕಥೆಯಿರುವುದು. ಈ ಕಥೆಯ ಮೊದಲನೆಯ ಅರ್ಧವನ್ನು ಮಾತ್ರ ಹೇಳುವವರು ಒಂದು ಕಡೆ, ಎರಡನೆಯ ಅರ್ಧವನ್ನು ಮಾತ್ರ ಹೇಳುವವರು ಇನ್ನೊಂದು ಕಡೆ. ಏನನ್ನೂ ಹೇಳದೆ 'ಭಾವೈಕ್ಯದ ಸಂಕೇತ'ವೆಂದು ಫಲಕ ಹಾಕಿಬಿಡುವವರು ಮೂರನೆಯವರು. ನಮಗೆ ಇವರ ಮೇಲೆಯೂ ಅಷ್ಟಾಗಿ ವಿಶ್ವಾಸವಿಲ್ಲ. ಇಬ್ಬರ ಕೋಪವೂ ಇದ್ದ ಜಾಗದಲ್ಲಿ ಈಗ ಎರಡೂ ಕಟ್ಟಡಗಳು ಒಂದೇ ಬೇಲಿಯೊಳಗೆ ನಿಂತಿರುವುವು. ಪೂರ್ಣ ಕಥೆಯನ್ನು ಕೇಳಿ, ಮಂಟಪದ ಕೆಲಸದಲ್ಲಿಯೇ ಎರಡು ಶೈಲಿಗಳೂ ಕಲೆತಿರುವುದನ್ನು ಕಣ್ಣಾರೆ ಕಂಡು ಬಂದ ವಿದ್ಯಾರ್ಥಿಗೆ ಭಾಷಣದ ಅಗತ್ಯವಿರದು.

ಜಗಳೂರಿನ ಸಂಗತಿಯು ಇನ್ನೂ ಹತ್ತಿರದ್ದು. ಸಿರಿಗೆರೆಯ ಲಿಂಗೈಕ್ಯ ಶಿವಕುಮಾರ ಶಿವಾಚಾರ್ಯ ಮಹಾಸ್ವಾಮಿಗಳು ತರಳಬಾಳು ಹುಣ್ಣಿಮೆಯ ಮಹೋತ್ಸವವನ್ನು ಊರಿಂದೂರಿಗೆ ಒಯ್ಯತೊಡಗಿದ್ದು 1950ರಲ್ಲಿ, ಮೊದಲನೆಯದು ಜಗಳೂರಿನಲ್ಲಿ. ಆ ಊರಿನವರೇ ಆದ ಮಹಮ್ಮದ್ ಇಮಾಂ ಸಾಹೇಬರು ಅದಕ್ಕೆ ಬೆಂಬಲವಾಗಿ ನಿಂತುದನ್ನು ಹಿರಿಯರು ಇಂದಿಗೂ ಹೇಳುವರು. ವೀರಶೈವರೂ ನಾಯಕರೂ ಹೆಚ್ಚಾಗಿರುವ ಚಿತ್ರದುರ್ಗದ ಕ್ಷೇತ್ರದಿಂದ ಅದೇ ಇಮಾಂ ಸಾಹೇಬರನ್ನು ಜನರು 1957ರಲ್ಲಿಯೂ 1967ರಲ್ಲಿಯೂ ಲೋಕಸಭೆಗೆ ಆರಿಸಿ ಕಳುಹಿಸಿದರು. ಎರಡು ಸಲವೂ ಅವರು ಆಳುವ ಪಕ್ಷದವರಲ್ಲ. ಅವರಿಗೆ ಮತ ಹಾಕಿದವರು ಶಾಂತಿಸಭೆಗೆ ಹೋದವರೂ ಅಲ್ಲ. ಅವರ ಮನೆಯ ಮದುವೆ ಮರಣಗಳಿಗೆ ಇವರೂ ಇವರ ಮನೆಯ ಮದುವೆ ಮರಣಗಳಿಗೆ ಅವರೂ ಹೋಗಿಬಂದ ಬಳಕೆಯೇ ಆ ಮತಗಳ ಬಂಡವಾಳ. ಈಗ ಆ ಬಳಕೆಯು ಕಡಮೆಯಾಗಿರುವುದು. ಬಡಾವಣೆಗಳು ಬೇರೆಬೇರೆಯಾಗಿರುವುವು, ಮಕ್ಕಳ ಶಾಲೆಗಳು ಬೇರೆಬೇರೆಯಾಗಿರುವುವು, ಸುದ್ದಿಯು ಕೈಯಂಗೈಯ ದೂರವಾಣಿಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಬಗೆಯಾಗಿ ಬರುವುದು. ಹಿಂದೆ ಬಳಕೆಯಿಂದ ತಾನಾಗಿ ಬರುತ್ತಿದ್ದ ತಿಳಿವಳಿಕೆಯನ್ನು ಈಗ ವ್ಯಾಸಂಗದಿಂದ ಸಂಪಾದಿಸಬೇಕಾಗಿರುವುದು ಈ ಕಾರಣದಿಂದಲೇ.

2024ರ ಮೇ ತಿಂಗಳಲ್ಲಿ ಚನ್ನಗಿರಿಯ ಠಾಣೆಗೆ ಕರೆತಂದಿದ್ದ ಒಬ್ಬನು ಮೃತನಾದನೆಂದು ಉದ್ರಿಕ್ತರಾದ ಜನರು ಠಾಣೆಯ ಮೇಲೆ ಬಿದ್ದು ಕಲ್ಲು ತೂರಿದುದನ್ನೂ ಪೊಲೀಸರು ಗಾಯಗೊಂಡುದನ್ನೂ ಯಾರೂ ಮರೆತಿಲ್ಲ. ಅದನ್ನು ಮತಕಲಹವೆಂದು ಕರೆಯುವುದು ತಪ್ಪು. ಅದು ಠಾಣೆಗೂ ಜನರಿಗೂ ನಡುವಿನ ಅವಿಶ್ವಾಸದ ಸಂಗತಿ. ಆದರೆ ಸಾವಿನ ಮನೆಯಲ್ಲಿ ಏನನ್ನು ಮಾತನಾಡಬೇಕು, ಶರೀರವನ್ನು ಎಷ್ಟು ಬೇಗ ಒಪ್ಪಿಸಬೇಕು, ಯಾರ ಬಾಯಿಂದ ಮಾತು ಬಂದರೆ ನಂಬುವರು ಎಂಬಿವು ಅಧಿಕಾರಿಗಳಿಗೆ ಆ ಹೊತ್ತಿನಲ್ಲಿ ಹುಡುಕಿದರೆ ದೊರೆಯತಕ್ಕವಲ್ಲ.

ಆದುದರಿಂದ ಜಿಲ್ಲಾಧಿಕಾರಿಗಳಲ್ಲಿಯೂ ಆರೋಗ್ಯ ಇಲಾಖೆಯವರಲ್ಲಿಯೂ ನಮ್ಮ ವಿಜ್ಞಾಪನೆಯು ದೊಡ್ಡದಲ್ಲ. ಹೊಸ ಹುದ್ದೆಗಳನ್ನೂ ಸಂಬಳವನ್ನೂ ನಾವು ಕೇಳುತ್ತಿಲ್ಲ. ನಾಲ್ಕು ತಾಲ್ಲೂಕುಗಳ ಸರ್ಕಾರಿ ಆಸ್ಪತ್ರೆಗಳಲ್ಲಿಯೂ ಒಳರೋಗಿಯ ಹೆಸರು ಬರೆದುಕೊಳ್ಳುವಾಗ 'ಕಷ್ಟಕಾಲದಲ್ಲಿ ಯಾರನ್ನು ಕರೆಯಬೇಕು, ಯಾವ ಆಚಾರವನ್ನು ಗಮನಿಸಬೇಕು' ಎಂದು ಒಂದು ಸಾಲು ಹೆಚ್ಚಾಗಿ ಇರಲಿ. ಉತ್ತರಿಸಲು ಇಷ್ಟವಿಲ್ಲದವರು ಬಿಟ್ಟುಬಿಡಲಿ. ಅಯ್ಯನವರು, ಪುರೋಹಿತರು, ಮೌಲವಿಗಳು, ಪಾದ್ರಿಗಳು, ತಾಂಡಾದ ಹಿರಿಯರು ಇವರಲ್ಲಿ ರಾತ್ರಿಯಲ್ಲಿಯೂ ಬರಲು ಒಪ್ಪಿದವರ ಹೆಸರು ಮತ್ತು ದೂರವಾಣಿ ಸಂಖ್ಯೆಗಳ ಪಟ್ಟಿಯು ದಾದಿಯರ ಮೇಜಿನ ಮೇಲಿರಲಿ. ಪಟ್ಟಿಯಲ್ಲಿರುವವರಿಗೆ ಚೀಟಿಯ ನಿಯಮವು ಬೇಡ. ಹೊಸದಾಗಿ ಬರುವ ತಹಶೀಲ್ದಾರರಿಗೂ ಪೊಲೀಸ್ ಅಧಿಕಾರಿಗಳಿಗೂ ಜಿಲ್ಲಾ ತರಬೇತಿ ಸಂಸ್ಥೆಯಲ್ಲಿ ಎರಡು ದಿನ ಈ ವಿಷಯದ ಪಾಠವಾಗಲಿ. ಒಂದು ದಿನ ಸಂತೇಬೆನ್ನೂರಿನಲ್ಲಿ, ಇನ್ನೊಂದು ದಿನ ಸೂರಗೊಂಡನಕೊಪ್ಪದಲ್ಲಿ ಆದರೆ ಇನ್ನೂ ಲೇಸು. ದಾವಣಗೆರೆ ವಿಶ್ವವಿದ್ಯಾನಿಲಯದವರು ರಾಧಾಕೃಷ್ಣನ್ ಆಯೋಗದ ಹಳೆಯ ಪಾಠಪಟ್ಟಿಯನ್ನು ಧೂಳು ಕೊಡವಿ ಒಮ್ಮೆ ನೋಡಲಿ.

ಆಚಾರಗಳ ವಿಷಯದಲ್ಲಿ ದಾದಿಯರಿಗೆ ಉಪಯೋಗವಾಗತಕ್ಕ ಒಂದು ಹಾಳೆಯನ್ನು ನಾವೇ ಸಿದ್ಧಪಡಿಸುವುದಕ್ಕೆ ತೊಡಗಿರುವೆವು. ಅಂದು ರಾತ್ರಿ ತಡವಾಗಿ ಒಳಕ್ಕೆ ಬಂದ ಮೌಲವಿಗಳು ತಮ್ಮ ಭಾಗವನ್ನು ಬರೆದುಕೊಟ್ಟಿರುವರು. ಅದರಲ್ಲಿ ದಿಕ್ಕಿನ ಚಿತ್ರವೂ ಇರುವುದು. ಹೊನ್ನಾಳಿಯ ಒಬ್ಬ ಅಯ್ಯನವರು ಇಷ್ಟಲಿಂಗದ ವಿಷಯವನ್ನು ಬರೆಯುತ್ತಿರುವರು. ಲಂಬಾಣಿ ಬಾಂಧವರ ಭಾಗವೂ ಕ್ರೈಸ್ತರ ಭಾಗವೂ ಇನ್ನೂ ಬರಬೇಕಾಗಿರುವುದು. ಬರೆಯಬಲ್ಲವರು ಕಾರ್ಯಾಲಯಕ್ಕೆ ದಯಮಾಡಿಸಬೇಕು. ಕಾಗದವೂ ಮುದ್ರಣವೂ ನಮ್ಮದು.